ಅರ್ಧ ಚಾವಿಯ ಪದ್ಮಿನಿ

ಮುಂಬೈಯ ಸಾಂತಾಕ್ರೂಜಿನ ಆ ವಸತಿ ಸೊಸೈಟಿಯ ಸಭೆಯಲ್ಲಿ ಕೊರಗಪ್ಪನವರು ಎದ್ದು ನಿಂತು ಮಾತಾಡುವ ಅಗತ್ಯ ಒಂದಿಷ್ಟೂ ಇರಲಿಲ್ಲ. ಇಷ್ಟು ವರ್ಷ ಅವರು ಅಂಥ ಸಭೆಗಳಿಗೆ ಹೋಗಿ, ಚಹಾ ಕುಡಿದು, ಎಲ್ಲದಕ್ಕೂ ಕೈಯೆತ್ತಿ, ಮರ್ಯಾದೆಯಿಂದ ಮನೆಗೆ ಬಂದವರು. ಆದರೆ ಆ ದಿನ ಸೆಕ್ರೆಟರಿ ವಿನೋದಿನಿಯವರು, ಕಂಪೌಂಡಿನಲ್ಲಿ ಜಾಗ ಹಿಡಿದು ಕೂತ ಕೆಟ್ಟ ಗಾಡಿಗಳನ್ನೆಲ್ಲ ಗುಜರಿಗೆ ಕಳಿಸಬೇಕು ಎಂದು ಹೇಳುತ್ತ ಕಿಟಕಿಯಾಚೆ ಒಮ್ಮೆ ನೋಡಿದರು. ಕಿಟಕಿಯಾಚೆ ಕೊರಗಪ್ಪನವರ ಹಳೆಯ ಪದ್ಮಿನಿ ಕಾರು ನಿಂತಿತ್ತು. ಕೊರಗಪ್ಪನವರಿಗೆ ಅಷ್ಟು ಸಾಕಾಯಿತು.

ಎದ್ದು ನಿಂತು ತಮ್ಮ ಗ್ರಾಂಟ್ ರೋಡಿನ ಹಿಂದಿಯಲ್ಲಿ ಅವರು ಹೇಳಿದ್ದಿಷ್ಟು: ಈ ಗಾಡಿಗೆ ಇಡೀ ಚಾವಿ ತಿರುಗಿಸುವ ಅಗತ್ಯವೂ ಇಲ್ಲ, ಅರ್ಧ ಚಾವಿಗೇ ಸ್ಟಾರ್ಟ್ ಆಗುತ್ತದೆ. ಆಗದಿದ್ದರೆ ಗುಜರಿಯವನನ್ನು ತಾನೇ ಕರೆಯುತ್ತೇನೆ.

ವಿನೋದಿನಿಯವರು ಶಾಲೆಯಲ್ಲಿ ಹೆಡ್‌ಮಿಸ್ ಆಗಿ ನಿವೃತ್ತರಾದವರು. ಯಾರು ಏನು ಒಪ್ಪಿಕೊಂಡರು ಎಂಬುದನ್ನು ಅವರು ಮರೆಯುವುದಿಲ್ಲ. ದಸರಾ ಕಳೆದ ಮೇಲಿನ ಭಾನುವಾರ ಎಲ್ಲರೆದುರು ಗಾಡಿ ತನ್ನ ಶಕ್ತಿಯಿಂದಲೇ ಗೇಟು ದಾಟಿ ಹೋಗಿ, ತನ್ನ ಶಕ್ತಿಯಿಂದಲೇ ಒಳಗೆ ಬರಲಿ ಎಂದು ಅಲ್ಲೇ ಠರಾವು ಮಾಡಿದರು. ಬರದಿದ್ದರೆ ಆ ಜಾಗ ಮೂರನೇ ಮಹಡಿಯ ಪ್ರೀತಮ್‌ನ ಹೊಸ ಎಲೆಕ್ಟ್ರಿಕ್ ಕಾರಿಗೆ. ಪ್ರೀತಮ್ ಉಡುಪಿ ಕಡೆಯ ಹುಡುಗ, ಬಹಳ ಸಭ್ಯ. ತನಗೇನೂ ಅವಸರವಿಲ್ಲ ಅಂಕಲ್ ಎಂದ. ಆ ಸಭ್ಯತೆಯೇ ಕೊರಗಪ್ಪನವರಿಗೆ ಉರಿಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕೊರಗಪ್ಪನವರು ಸುಳ್ಳು ಹೇಳಿರಲಿಲ್ಲ. ಆ ದಿನದ ಮಟ್ಟಿಗೆ ಗಾಡಿ ಅರ್ಧ ಚಾವಿಗೇ ಸ್ಟಾರ್ಟ್ ಆಗುತ್ತಿತ್ತು. ಅವರು ಅದನ್ನು ಮುಟ್ಟದೆ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಗಾಡಿ ಅವರದಾದದ್ದು ಗ್ರಾಂಟ್ ರೋಡಿನ ಉಡುಪಿ ಹೋಟೆಲು ಮುಚ್ಚಿದಾಗ. ಅಲ್ಲಿ ಸಪ್ಲೈಯರ್ ಆಗಿ ಸೇರಿ, ಗಲ್ಲಾದ ಹಿಂದೆ ಕೂತು ಟೋಕನ್ ಕೊಡುವವರೆಗೆ ಏರಿದವರು ಕೊರಗಪ್ಪ. ಧಣಿಗಳ ಪದ್ಮಿನಿಯನ್ನು ದಿನಾ ಬೆಳಿಗ್ಗೆ ಒರೆಸುತ್ತಿದ್ದವರೂ ಅವರೇ, ಆದರೆ ಒಳಗೆ ಕೂತವರಲ್ಲ. ಹೋಟೆಲು ಮುಚ್ಚಿದ ದಿನ ಧಣಿಗಳು ಚಾವಿಯನ್ನು ಅವರ ಅಂಗೈಯಲ್ಲಿಟ್ಟು, ಇನ್ನು ಇದು ನಿನ್ನದು ಎಂದು ಊರಿಗೆ ಹೋಗಿಬಿಟ್ಟರು. ಈಗ ಆ ಹೋಟೆಲಿನ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಕೊರಗಪ್ಪನವರ ಅಷ್ಟು ವರ್ಷದ ದುಡಿಮೆಯಲ್ಲಿ ಕಣ್ಣಿಗೆ ಕಾಣುವಂತೆ ಉಳಿದದ್ದು ಈ ಗಾಡಿಯೊಂದೇ. ಹಿಂದಿನ ಸೀಟಿನಲ್ಲಿ ಇವತ್ತಿಗೂ ಕಾಫಿಪುಡಿಯ ವಾಸನೆ ಇದೆ. ಅದು ಹೋದರೆ ತಾನು ಮುಂಬೈಯಲ್ಲಿ ಇದ್ದದ್ದಕ್ಕೆ ಸಾಕ್ಷಿಯೇ ಇಲ್ಲ ಎಂದು ಅವರು ನಿಜವಾಗಿ ನಂಬಿದ್ದರು.

ಇಂಥ ಗಾಡಿಗೆ, ಅದೂ ಪರೀಕ್ಷೆಗೆ ಹೊರಟ ಗಾಡಿಗೆ, ಆಯುಧಪೂಜೆ ಸಾದಾ ರೀತಿಯಲ್ಲಿ ಆದೀತೇ? ಹೋಟೆಲಿನಲ್ಲಿ ಆಯುಧಪೂಜೆ ಎಂದರೆ ಕೊರಗಪ್ಪನವರದೇ ಮುಂದಾಳತ್ವ. ರುಬ್ಬುವ ಯಂತ್ರ, ಕಾಫಿ ಬಾಯ್ಲರು, ತಕ್ಕಡಿ, ಎಲ್ಲವನ್ನೂ ಬಿಚ್ಚಿ ಒಳಗಿನ ಭಾಗಗಳಿಗೂ ಬೊಟ್ಟಿಟ್ಟು ಮತ್ತೆ ಜೋಡಿಸುತ್ತಿದ್ದರು. ಹೊರಗೆ ಮಾತ್ರ ಕುಂಕುಮ ಹಚ್ಚಿದರೆ ಅದು ಪೂಜೆಯಲ್ಲ, ಬರೀ ತೋರಿಕೆ ಎಂಬುದು ಅವರ ಸಿದ್ಧಾಂತ.

ಹಾಗಾಗಿ ಪದ್ಮಿನಿಯ ಬಾನೆಟ್ ಎತ್ತಿ, ಕೈಗೆ ಸಿಕ್ಕ ಭಾಗಕ್ಕೆಲ್ಲ ಬೊಟ್ಟಿಟ್ಟರು. ಬ್ಯಾಟರಿಯ ಎರಡು ಕೊಂಬುಗಳಿಂದ ವೈರು ಬಿಚ್ಚಿ, ಕೊಂಬುಗಳಿಗೆ ದಪ್ಪಗೆ ಗಂಧ ಬಳಿದು, ಅದರ ಮೇಲೆಯೇ ಮತ್ತೆ ವೈರು ಕೂರಿಸಿದರು. ಇಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಎಂಬ ಕಪ್ಪು ಡಬ್ಬಿಯ ಕುತ್ತಿಗೆ ಇಂಜಿನ್ನಿಗೆ ಸೇರುವ ಜಾಗದಲ್ಲಿ, ಅರ್ಧ ಡಬ್ಬಿಯ ಮೇಲೆ ಅರ್ಧ ಇಂಜಿನ್ನಿನ ಮೇಲೆ ಬರುವಂತೆ, ಎಣ್ಣೆಯಲ್ಲಿ ಕಲಸಿದ ಕುಂಕುಮದ ದೊಡ್ಡ ಬೊಟ್ಟಿಟ್ಟರು. ಆಮೇಲೆ ಡಬ್ಬಿಯ ತಲೆಯಿಂದ ನಾಲ್ಕು ಸಿಲಿಂಡರುಗಳಿಗೆ ಹೋಗುವ ನಾಲ್ಕು ವೈರುಗಳನ್ನು ಕಿತ್ತು, ಒರೆಸಿ, ಬೊಟ್ಟಿಟ್ಟರು.

ಮತ್ತೆ ಸಿಕ್ಕಿಸುವಾಗ ಯಾವುದು ಎಲ್ಲಿತ್ತೆಂಬುದು ನೆನಪಿರಲಿಲ್ಲ. ಆದರೆ ಕೊರಗಪ್ಪನವರು ಇದರಿಂದ ಕಂಗೆಡಲಿಲ್ಲ. ಒಂದನೆಯದರ ಜಾಗದಲ್ಲಿ ಒಂದು ಎಂದು ಕೊರೆದಿತ್ತು. ಅಲ್ಲಿಂದ ಪ್ರದಕ್ಷಿಣೆ ಹಾಕಿದಂತೆ ಬಲಕ್ಕೆ ಎರಡು, ಮೂರು, ನಾಲ್ಕು ಎಂದು ಸಿಕ್ಕಿಸಿದರು. ಜೀವಮಾನವಿಡೀ ಟೋಕನ್ ಕೊಟ್ಟ ಮನುಷ್ಯನಿಗೆ ಇದರಲ್ಲಿ ಅನುಮಾನ ಬರುವ ಮಾತೇ ಇಲ್ಲ. ಒಂದು ವೈರು ಕುತ್ತಿಗೆ ಚಾಚಿ ಹೇಗೋ ಮುಟ್ಟಿತು. ಹೆಂಡತಿ ರಾಜೀವಿ ಆರತಿ ಎತ್ತಿದರು, ಚಕ್ರದಡಿ ಲಿಂಬೆಹಣ್ಣು ಇಟ್ಟರು. ಕೊರಗಪ್ಪನವರು ಒಳಗೆ ಕೂತು ಚಾವಿ ತಿರುಗಿಸಿದರು.

ಟಕ್ ಎಂದಿತು, ಅಷ್ಟೇ. ಮತ್ತೆ ತಿರುಗಿಸಿದರೆ ಮತ್ತೆ ಟಕ್. ಲಿಂಬೆಹಣ್ಣು ಇದ್ದ ಹಾಗೆಯೇ ಇತ್ತು.

ಮುಂಬೈಯಲ್ಲಿ ಮನುಷ್ಯ ಬಿದ್ದರೆ ಎತ್ತಲು ಜನ ಬರುವುದು ತಡವಾಗಬಹುದು, ಗಾಡಿಯ ಬಾನೆಟ್ ಎತ್ತಿದರೆ ತಡವಾಗುವುದಿಲ್ಲ. ವಾಚ್‌ಮನ್ ಬಂದು ಬ್ಯಾಟರಿ ಸತ್ತಿದೆ ಎಂದ. ಹಾಲಿನವನು ಪೆಟ್ರೋಲಿನಲ್ಲಿ ನೀರು ಸೇರಿದೆ ಎಂದ. ಮೇಲಿನ ಮಹಡಿಯ ಸಿಂಧಿ ಅಜ್ಜಿ ಗ್ಯಾಲರಿಯಿಂದಲೇ, ಹಾರ ಭಾರವಾಗಿರಬೇಕು ತೆಗೆದು ನೋಡಿ ಎಂದರು. ಕೊರಗಪ್ಪನವರು ಹಾರವನ್ನೂ ತೆಗೆದು ನೋಡಿದರು.

ಸಂಜೆ ಧಾರಾವಿಯಿಂದ ರಾಜೀವಿಯ ತಮ್ಮ ಶಶಿಕಾಂತ ಬಂದ. ಅವನದು ಅಲ್ಲಿ ಚರ್ಮದ ಬೆಲ್ಟು ಹೊಲಿಸುವ ಸಣ್ಣ ಕಾರ್ಖಾನೆ. ಹಿಂದೊಮ್ಮೆ ದುಬೈಯ ಪಾರ್ಕಿಂಗಿನಲ್ಲಿ ಚೀಟಿ ಹರಿದುಕೊಡುವ ಕೆಲಸದಲ್ಲಿದ್ದುದರಿಂದ ಕುಟುಂಬದಲ್ಲಿ ಗಾಡಿಗಳ ವಿಷಯಕ್ಕೆ ಅವನ ಮಾತೇ ಕೊನೆಯದು. ಅವನು ಒಂದು ಸಲ ಟಕ್ ಕೇಳಿ ಕಣ್ಣು ಮುಚ್ಚಿದ.

“ಭಾವ, ಇದು ಸ್ಟಾರ್ಟರ್. ಒಳಗೆ ಹಿಡಿದುಕೊಂಡಿದೆ. ದುಬೈಯಲ್ಲಿ ನಾವು ಇದಕ್ಕೆ ಎರಡು ಪೆಟ್ಟು ಹಾಕ್ತೇವೆ.”

ಪೆಟ್ಟು ಹಾಕಲು ರಾಜೀವಿಯ ಅರೆಯುವ ಗುಂಡುಕಲ್ಲು ಬಂತು. ಪೆಟ್ಟು ಬಿದ್ದ ಮೇಲೂ ಗಾಡಿ ಟಕ್ ಎಂದೇ ಹೇಳಿತು. ಕಲ್ಲಿಗೆ ಗ್ರೀಸು ಹತ್ತಿತು. ಆ ರಾತ್ರಿಯ ಸಾರಿನ ರುಚಿಯ ಬಗ್ಗೆ ಯಾರೂ ಮಾತಾಡಲಿಲ್ಲ.

ಮರುದಿನ ಸ್ಟಾರ್ಟರನ್ನೇ ಬಿಚ್ಚಿ ಗ್ರಾಂಟ್ ರೋಡಿನ ಹಳೆಯ ಗಾಡಿಗಳ ಅಂಗಡಿಗೆ ಒಯ್ಯುವುದೆಂದಾಯಿತು. ದಪ್ಪ ಉರುಳೆಯಂಥ ಆ ಕಬ್ಬಿಣವನ್ನು ರಾಜೀವಿಯ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಮಗುವನ್ನು ಹಿಡಿದಂತೆ ಎದೆಗೊತ್ತಿಕೊಂಡು ಕೊರಗಪ್ಪನವರು ಶಶಿಕಾಂತನೊಂದಿಗೆ ಲೋಕಲ್ ರೈಲು ಹತ್ತಿದರು. ಸೀರೆಯ ಸಂದಿನಿಂದ ಒಂದು ಕೆಂಪು ವೈರು ಹೊರಗೆ ಇಣುಕುತ್ತಿತ್ತು. ಕಾಲಿಡಲು ಜಾಗವಿಲ್ಲದ ಆ ಹೊತ್ತಿನಲ್ಲಿ ಅವರಿಗೆ ಕಿಟಕಿ ಬದಿಯ ಸೀಟೇ ಸಿಕ್ಕಿತು. ಮುಂದಿನ ಸ್ಟೇಷನ್ನಿನಲ್ಲಿ ಅವರ ಸುತ್ತಲಿನ ಸೀಟುಗಳೂ ಖಾಲಿಯಾದವು. ಮುಂಬೈಯ ಜನ ಈಗೀಗ ಹಿರಿಯರಿಗೆ ಗೌರವ ಕೊಡುವುದನ್ನು ಕಲಿಯುತ್ತಿದ್ದಾರೆ ಎಂದು ಅವರು ಶಶಿಕಾಂತನಿಗೆ ಹೇಳಿದರು. ಶಶಿಕಾಂತನೂ ಅಷ್ಟರಲ್ಲಿ ಕಾಲು ಚಾಚಿ ಕೂತಿದ್ದ.

ಗ್ರಾಂಟ್ ರೋಡಿನಲ್ಲಿ ಅವರನ್ನು ಸ್ವಾಗತಿಸಲು ಪೊಲೀಸರೇ ಬಂದಿದ್ದರು. ಸೀರೆ ಬಿಚ್ಚಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ದೂರದಲ್ಲೇ ನಿಂತು, ಅದನ್ನು ನೆಲಕ್ಕಿಡು, ಬೇಡ ಇಡಬೇಡ, ಅಲ್ಲಾಡಿಸಬೇಡ ಎಂದು ಮೂವರು ಮೂರು ಆಜ್ಞೆ ಕೊಟ್ಟರು. ಕೊರಗಪ್ಪನವರು ಮೂರನ್ನೂ ಪಾಲಿಸಲು ಹೋಗಿ ಅರ್ಧ ಬಗ್ಗಿದಂತೆ ನಿಂತರು. ಕೊನೆಗೆ ಮೂಸುವ ನಾಯಿ ಬಂದು, ಕಟ್ಟನ್ನು ಮೂಸಿ, ಪ್ರೀತಿಯಿಂದ ನೆಕ್ಕತೊಡಗಿತು. ಅದು ಗುಂಡುಕಲ್ಲಿನಿಂದ ಹತ್ತಿದ ಮೀನುಮಸಾಲೆ. ಒಳಗೆ ಕುಂಕುಮದ ಬೊಟ್ಟು ಕಂಡ ಇನ್‌ಸ್ಪೆಕ್ಟರ್ ಸಾಹೇಬರು, ಪೂಜೆ ಮಾಡಿದ ಮೇಲೂ ಕೆಟ್ಟಿತೇ ಎಂದು ಕೇಳಿದರು. ಪೂಜೆ ಮಾಡಿದ ಮೇಲೆಯೇ ಕೆಟ್ಟಿತು ಎಂದರು ಕೊರಗಪ್ಪ. ಈ ಕಥೆಯಲ್ಲಿ ಅವರು ಆಡಿದ ಅತ್ಯಂತ ಸರಿಯಾದ ಮಾತು ಅದು, ಆದರೆ ಅದರ ಅರ್ಥ ಅವರಿಗೇ ತಿಳಿಯಲಿಲ್ಲ.

ಅಂಗಡಿಯವನು ಸ್ಟಾರ್ಟರನ್ನು ತನ್ನ ಬ್ಯಾಟರಿಗೆ ಮುಟ್ಟಿಸಿದ. ಅದು ಗರ್ರೆಂದು ತಿರುಗಿ ಮೇಜಿನಿಂದ ಕೆಳಗೆ ಹಾರಿತು. ಇದಕ್ಕೇನೂ ಆಗಿಲ್ಲ, ಮನೆಗೆ ಒಯ್ಯಿರಿ ಎಂದ. ಕೊರಗಪ್ಪನವರು ಅದನ್ನು ಮತ್ತೆ ಸೀರೆಯಲ್ಲಿ ಸುತ್ತಿಕೊಂಡು ಹೊರಟರು. ದಾರಿಯಲ್ಲಿ ಹಳೆಯ ಹೋಟೆಲಿನ ಜಾಗ ಬಂತು. ಅವರು ಆ ಕಡೆ ನೋಡಲಿಲ್ಲ.

ಸ್ಟಾರ್ಟರನ್ನು ಮತ್ತೆ ಕೂರಿಸುವಾಗ ಬ್ಯಾಟರಿಯ ವೈರು ಬಿಚ್ಚಬೇಕಾಯಿತು. ಒಣಗಿ ಕಲ್ಲಾಗಿದ್ದ ಗಂಧ ಅಸಹ್ಯವಾಗಿ ಕಂಡದ್ದರಿಂದ ಶಶಿಕಾಂತ ಅದನ್ನು ಚೂರಿಯಿಂದ ಕೆರೆದು ತೆಗೆದ. ಚಾವಿ ತಿರುಗಿಸಿದರೆ ಈ ಸಲ ಸ್ಟಾರ್ಟರ್ ಭರ್ಜರಿಯಾಗಿ ತಿರುಗಿತು. ದುಬೈಯ ಪೆಟ್ಟು ನಿಧಾನಕ್ಕೆ ಕೆಲಸ ಮಾಡುತ್ತದೆ ಎಂದು ಶಶಿಕಾಂತ ವಿವರಿಸಿದ. ಆ ವಿವರಣೆ ಮುಗಿಯುವಷ್ಟರಲ್ಲಿ ಸೈಲೆನ್ಸರಿನಿಂದ ಢಂ ಎಂಬ ಸದ್ದು ಹೊರಟು, ಕಟ್ಟಡದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು.

ಅಲ್ಲಿಂದ ಶನಿವಾರದವರೆಗೂ ಅದೇ ಕೆಲಸ. ಸ್ಟಾರ್ಟರ್ ತಿರುಗುತ್ತಿತ್ತು, ಇಂಜಿನ್ ಒಂದು ಗುಟುರು ಹಾಕಿ ನಡುಗುತ್ತಿತ್ತು, ಆಮೇಲೆ ಢಂ. ಸಿಂಧಿ ಅಜ್ಜಿ ಕಿವಿಗೆ ಹತ್ತಿ ಇಟ್ಟುಕೊಂಡರು. ದೀಪಾವಳಿಗೆ ಮೊದಲೇ ಪಟಾಕಿ ಹೊಡೆಯುವವರು ಯಾರು ಎಂದು ಪಕ್ಕದ ಸೊಸೈಟಿಯಿಂದ ದೂರು ಬಂತು. ವಿನೋದಿನಿಯವರು ಮಾತ್ರ ಬೆಳಿಗ್ಗೆ ಸಂಜೆ ಗಾಡಿಯ ಪಕ್ಕದಿಂದ ಹಾದುಹೋಗುವಾಗ ವಾಚು ನೋಡಿಕೊಳ್ಳುತ್ತಿದ್ದರು.

ಕೊರಗಪ್ಪನವರಿಗೆ ಊಟ ಸೇರದಾಯಿತು. ಅಪ್ಪನ ಮುಖ ನೋಡಲಾರದೆ ಮಗಳು ನಿಶಾ ಮೊಬೈಲಿನಲ್ಲಿ ಹುಡುಕಿದಳು. ಮುಂಬೈಯಲ್ಲೇ ಹುಟ್ಟಿದ ಅವಳ ಕನ್ನಡ ಎಡವಿ ಎಡವಿ ಬರುತ್ತಿತ್ತು.

“ಪಪ್ಪಾ, ಇದರಲ್ಲಿ ಬರ್ದಿದ್ದಾರೆ. ಆ ವೈರ್‌ದು ಆರ್ಡರ್ ಒನ್, ಥ್ರೀ, ಫೋರ್, ಟೂ. ನೀವು ಸೀದಾ ಹಾಕಿದ್ದೀರಿ ನಾ?”

ಕೊರಗಪ್ಪನವರು ಕನ್ನಡಕ ತೆಗೆದು ಅವಳನ್ನು ನೋಡಿದರು.

“ಒಂದರ ನಂತರ ಮೂರಾ? ಎರಡನೇ ಟೋಕನಿನವ ಕೂತು ಎಂತ ಮಾಡುವುದು, ಗಾಳಿ ತಿನ್ನುವುದಾ? ಗಲ್ಲಾದಲ್ಲಿ ಕೂತು ನಾನು ಒಂದು ದಿನ ಅಂಥ ಅನ್ಯಾಯ ಮಾಡಿದವ ಅಲ್ಲ ಮಗಾ. ಧಣಿಗಳ ಗಾಡಿಯಲ್ಲಿ ಅದು ನಡೆಯುವುದಿಲ್ಲ.”

ಮೊಬೈಲಿನಲ್ಲಿ ಬರೆದದ್ದನ್ನೆಲ್ಲ ನಂಬಬಾರದು ಎಂದು ಶಶಿಕಾಂತನೂ ಸೇರಿಸಿದ. ಅವನ ಪ್ರಕಾರ ಇದು ಟೈಮಿಂಗಿನ ದೋಷ, ಕಿಡಿ ಹುಟ್ಟುವ ಹೊತ್ತು ಹಿಂದುಮುಂದಾಗಿದೆ. ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ ಅದನ್ನು ರೇಡಿಯೋ ತಿರುವಿದಂತೆ ಅತ್ತ ಇತ್ತ ತಿರುಗಿಸಿದ. ಕುಂಕುಮದ ಬೊಟ್ಟು ಎರಡು ತುಂಡಾಗಿ, ಒಂದರ್ಧ ಬಲಕ್ಕೆ ಹೋಯಿತು. ಈಗ ಢಂ ಎನ್ನುವ ಸದ್ದು ಹಿಂದಿನಿಂದ ಮಾತ್ರವಲ್ಲದೆ ಮುಂದಿನಿಂದಲೂ ಬರತೊಡಗಿತು, ಶಶಿಕಾಂತನ ಒಂದು ಹುಬ್ಬು ಸುಟ್ಟಿತು. ಇದು ಸುಧಾರಣೆಯ ಲಕ್ಷಣ ಎಂದು ಅವನು ಉಳಿದ ಹುಬ್ಬನ್ನು ಏರಿಸಿ ಹೇಳಿದ.

ಭಾನುವಾರ ಬೆಳಿಗ್ಗೆ ಸೊಸೈಟಿಯೇ ಕಂಪೌಂಡಿನಲ್ಲಿ ಇಳಿದಿತ್ತು. ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿದ್ದರು. ಪ್ರೀತಮ್ ತನ್ನ ಕಾರನ್ನು ಗೇಟಿನ ಹೊರಗೆ ದೂರದಲ್ಲಿ ನಿಲ್ಲಿಸಿಕೊಂಡು, ನಾಚಿಕೆಯಿಂದ ಬೇರೆಲ್ಲೋ ನೋಡುತ್ತಿದ್ದ. ಕೊರಗಪ್ಪನವರು ಗಲ್ಲಾದಲ್ಲಿ ತೊಡುತ್ತಿದ್ದ ಬಿಳಿ ಅಂಗಿ ತೊಟ್ಟು ಬಂದು ಒಳಗೆ ಕೂತರು. ಗಾಡಿ ಗೇರಿನಲ್ಲಿದೆ ಎಂಬುದು ಅವರ ಗಮನಕ್ಕೆ ಬರಲಿಲ್ಲ. ಚಾವಿ ತಿರುಗಿಸಿದರು.

ಇಂಜಿನ್ ಹತ್ತಲಿಲ್ಲ. ಆದರೆ ಗಾಡಿ ಹೊರಟಿತು. ಗೇರಿನಲ್ಲಿದ್ದ ಗಾಡಿಯನ್ನು ಸ್ಟಾರ್ಟರ್ ಒಂದೇ ಸಮನೆ ಕುಂಯ್ಯೆನ್ನುತ್ತ ಎಳೆದುಕೊಂಡು, ಮುಗ್ಗರಿಸುತ್ತ, ಸಭಾಸದರ ಎದುರಿನಿಂದ ನಡೆಸಿಕೊಂಡು ಹೋಯಿತು. ಜನ ಚಪ್ಪಾಳೆ ತಟ್ಟಿದರು. ಕೊರಗಪ್ಪನವರಿಗೆ ತಾನು ಹೇಗೆ ಹೋಗುತ್ತಿದ್ದೇನೆಂಬುದೇ ಅರ್ಥವಾಗಲಿಲ್ಲ, ಆದರೆ ಹೋಗುತ್ತಿರುವಾಗ ಯಾಕೆಂದು ಕೇಳುವುದು ಬುದ್ಧಿವಂತಿಕೆಯಲ್ಲ ಎಂದು ಚಾವಿಯನ್ನು ಬಿಡದೆ ಹಿಡಿದರು. ಗಾಡಿ ಗೇಟು ದಾಟಿತು. ರಸ್ತೆಯ ನಟ್ಟನಡುವೆ ಬ್ಯಾಟರಿ ನಿಟ್ಟುಸಿರಿಟ್ಟು ಸುಮ್ಮನಾಯಿತು. ಎದುರಿಗೆ ಬಂದ ಬಸ್ಸಿನವನು ಕೊರಗಪ್ಪನವರ ಹಿಂದಿನ ತಲೆಮಾರುಗಳನ್ನೆಲ್ಲ ನೆನೆದ.

ಜನರೇ ಗಾಡಿಯನ್ನು ರಸ್ತೆಯಂಚಿಗೆ ದೂಡಿದರು. ವಿನೋದಿನಿಯವರು ಗೇಟಿನೊಳಗೆ ನಿಂತು, ಹೊರಗೆ ಹೋದದ್ದನ್ನು ಒಪ್ಪಿದೆ, ಇನ್ನು ಒಳಗೆ ಬರಲಿ ಎಂದರು. ಬರಲಿಲ್ಲ. ಅವರು ಕಾದರು, ವಾಚು ನೋಡಿದರು, ಪ್ರೀತಮ್‌ನತ್ತ ಕೈ ಮಾಡಿದರು. ಅವನ ಕಾರು ಒಂದಿಷ್ಟೂ ಸದ್ದಿಲ್ಲದೆ ಬಂದು ಪದ್ಮಿನಿಯ ಜಾಗದಲ್ಲಿ ನಿಂತಿತು. ಆ ಸದ್ದಿಲ್ಲದಿರುವಿಕೆಯಷ್ಟು ನೋವು ಕೊರಗಪ್ಪನವರಿಗೆ ವಾರವಿಡೀ ಕೇಳಿದ ಯಾವ ಢಂ ಕೂಡ ಕೊಟ್ಟಿರಲಿಲ್ಲ. ಕೊಟ್ಟ ಮಾತು ಕೊಟ್ಟದ್ದೇ. ಗುಜರಿಯವನಿಗೆ ಅವರೇ ಫೋನು ಮಾಡಿದರು. ಊಟದ ಹೊತ್ತು ಕಳೆದು ಕ್ರೇನು ತರುತ್ತೇನೆ ಎಂದ.

ಆ ಮಧ್ಯಾಹ್ನದ ಊಟ ತಿಥಿಯ ಊಟದ ಹಾಗಿತ್ತು. ಕ್ಷಮೆ ಕೇಳಲು ಮೇಲೆ ಬಂದ ಪ್ರೀತಮ್‌ನನ್ನೂ ರಾಜೀವಿ ಬಿಡದೆ ಕೂರಿಸಿದರು. ಮನೆಗೆ ಬಂದವರು ಶತ್ರುವಾದರೂ ಉಂಡೇ ಹೋಗಬೇಕು, ಅದು ಅವರ ಹಟ. ಕೊರಗಪ್ಪನವರು ಮೊದಲು, ಅವರ ಪಕ್ಕದಲ್ಲಿ ಗೋಡೆಗೊತ್ತಿ ಶಶಿಕಾಂತ, ಮೂರನೆಯವನು ಪ್ರೀತಮ್, ನಾಲ್ಕನೆಯವಳು ನಿಶಾ, ಹೀಗೆ ಸಣ್ಣ ಮೇಜಿನ ಸುತ್ತ ನಾಲ್ವರು. ರಾಜೀವಿ ಗಂಡನಿಗೆ ಅನ್ನ ಬಡಿಸಿ, ಪ್ರೀತಮ್‌ಗೆ ಬಡಿಸಿ, ನಿಶಾಗೆ ಬಡಿಸಿದರು. ಶಶಿಕಾಂತನ ತಟ್ಟೆ ಖಾಲಿ.

“ಅಕ್ಕಾ, ಎರಡನೇ ಕೂತದ್ದು ನಾನು,” ಎಂದ ಅವನು.

“ನಿನಗೂ ಬರ್ತದೆ ಮಾರಾಯಾ. ಒಂದು ಸುತ್ತು ಮುಗಿಯುವಾಗ ನಾಲ್ಕು ತಟ್ಟೆಯೂ ತುಂಬಿರ್ತದಲ್ಲ? ಗೋಡೆ ಬದಿಯವನಿಗೆ ನಡುವಿನಲ್ಲಿ ಬಡಿಸ್ಲಿಕ್ಕೆ ಹೋದ್ರೆ ಸಾರೆಲ್ಲ ನೆಲಕ್ಕೆ. ಇಷ್ಟು ವರ್ಷ ಬಡಿಸಿದವಳಿಗೆ ಕಲಿಸ್ಬೇಡ.”

ಕೊರಗಪ್ಪನವರ ತುತ್ತು ಬಾಯಿಯ ಹತ್ತಿರ ನಿಂತಿತು. ಒಂದು, ಮೂರು, ನಾಲ್ಕು, ಎರಡು. ಯಾರೂ ಉಪವಾಸ ಬಿದ್ದಿರಲಿಲ್ಲ. ಶಶಿಕಾಂತನೂ ಆಗಲೇ ಬಂಗುಡೆಯ ಮುಳ್ಳು ಬಿಡಿಸುತ್ತಿದ್ದ. ಗಲ್ಲಾದಲ್ಲಿ ಕೂತು ಟೋಕನ್ ಕೊಟ್ಟದ್ದು ತಾನು. ಆದರೆ ಟೋಕನ್ ಕೊಡುವುದು ಬೇರೆ, ಬಡಿಸುವುದು ಬೇರೆ. ಕೊರಗಪ್ಪನವರು ಎಂಜಲು ಕೈಯಲ್ಲೇ ಮೆಟ್ಟಿಲಿಳಿದು ಓಡಿದರು.

ಕ್ರೇನಿನವನು ಆಗಲೇ ಬಂದು ಪದ್ಮಿನಿಯ ಮೂತಿಗೆ ಕೊಕ್ಕೆ ಹಾಕಿ, ಎದುರಿನ ಟಪರಿಯಲ್ಲಿ ಚಹಾ ಕುಡಿಯುತ್ತಿದ್ದ. ಕೊರಗಪ್ಪನವರು ಬಾನೆಟ್ ಎತ್ತಿದರು. ಗ್ಯಾಲರಿಯಿಂದ ನೋಡಿದ ಸಿಂಧಿ ಅಜ್ಜಿ, ಪಾಪ ಕೊನೆಯ ಸಲ ಮುಖ ನೋಡುತ್ತಿದ್ದಾರೆ ಎಂದು ಕಣ್ಣೊರೆಸಿಕೊಂಡರು. ಕೊರಗಪ್ಪನವರು ಮೂರು ವೈರು ಕಿತ್ತು ಹೆಂಡತಿ ಬಡಿಸಿದ ಕ್ರಮದಲ್ಲಿ ಸಿಕ್ಕಿಸಿದರು. ಈ ಸಲ ಯಾವ ವೈರೂ ಕುತ್ತಿಗೆ ಚಾಚಬೇಕಾಗಲಿಲ್ಲ. ಡಿಸ್ಟ್ರಿಬ್ಯೂಟರು ಮೊದಲು ಎಲ್ಲಿತ್ತೆಂಬುದಕ್ಕೆ ತಮ್ಮದೇ ಕುಂಕುಮ ಸಾಕ್ಷಿ ಹೇಳಿತು. ಎರಡು ಅರ್ಧಗಳು ಕೂಡಿ ಒಂದು ಬೊಟ್ಟಾಗುವವರೆಗೆ ಅದನ್ನು ತಿರುಗಿಸಿ ಬೋಲ್ಟು ಬಿಗಿದರು. ಬಾನೆಟ್ ಮುಚ್ಚಿ ಒಳಗೆ ಕೂತರು.

ಕ್ರೇನಿನವನು ಬಂದು ಇಳಿಯಿರಿ ಎಂದ. ಸ್ವಲ್ಪ ದೂರ ಕೂತು ಬರುತ್ತೇನೆ, ಇದರಲ್ಲಿ ಇದೇ ಕೊನೆ ಎಂದು ಅವರು ಬೇಡಿಕೊಂಡರು. ಅವನಿಗೂ ಕರುಳಿತ್ತು. ಮೂತಿ ಮೇಲಕ್ಕೆದ್ದು, ಹಿಂದಿನ ಎರಡು ಚಕ್ರ ರಸ್ತೆಯ ಮೇಲೆ ಉರುಳುತ್ತ ಪದ್ಮಿನಿ ಗುಜರಿಯ ದಾರಿ ಹಿಡಿಯಿತು. ಕೊರಗಪ್ಪನವರು ಆಕಾಶ ನೋಡುತ್ತ ಮಲಗಿದ ಭಂಗಿಯಲ್ಲೇ ಚಾವಿಯನ್ನು ಅರ್ಧ ತಿರುಗಿಸಿದರು. ಪೂರಾ ತಿರುಗಿಸಲು ಬ್ಯಾಟರಿಯಲ್ಲಿ ಜೀವವಿರಲಿಲ್ಲ. ಉರುಳುವ ಚಕ್ರವೇ ಇಂಜಿನ್ನನ್ನು ತಿರುಗಿಸಲಿ ಎಂದು ಎರಡನೇ ಗೇರು ಹಾಕಿ ಕ್ಲಚ್ ಬಿಟ್ಟರು.

ಗಾಡಿ ಒಮ್ಮೆ ನಡುಗಿತು. ಢಂ ಎನ್ನಲಿಲ್ಲ. ಧಣಿಗಳ ಕಾಲದ ಅದೇ ಸದ್ದಿನಲ್ಲಿ, ಹದವಾಗಿ, ಇಂಜಿನ್ ಹಾಡತೊಡಗಿತು.

ಕೊರಗಪ್ಪನವರು ಅತ್ತುಬಿಟ್ಟರು. ಅವರ ಹಾರ್ನು ಕೇಳಿ ಕ್ರೇನಿನವನು ನಿಲ್ಲಿಸಿ, ತನ್ನ ಅರ್ಧ ದಿನ ಹಾಳಾಯಿತೆಂದು ಬಾಯಿಗೆ ಬಂದಂತೆ ಬೈದು, ಕೊಕ್ಕೆ ಬಿಡಿಸಿ ಹೋದ. ಪದ್ಮಿನಿ ತನ್ನ ಶಕ್ತಿಯಿಂದಲೇ ತಿರುಗಿ ಬಂದು ತನ್ನ ಶಕ್ತಿಯಿಂದಲೇ ಗೇಟಿನೊಳಗೆ ಹೋಯಿತು. ಸೊಸೈಟಿಯವರೆಲ್ಲ ಕೆಳಗಿಳಿದು ಬಂದರು. ವಿನೋದಿನಿಯವರು ಇಂಜಿನ್ನಿನ ಸದ್ದನ್ನು ಗಮನವಿಟ್ಟು ಕೇಳಿ, ಶಾಲೆಯಲ್ಲಿ ಮಾಡುತ್ತಿದ್ದಂತೆ ತಲೆದೂಗಿ, ಚೆನ್ನಾಗಿದೆ, ಆದರೆ ತಡವಾಯಿತು ಎಂದರು. ಪದ್ಮಿನಿಯ ಜಾಗದಲ್ಲಿ ಪ್ರೀತಮ್‌ನ ಕಾರು ನಿಂತಿತ್ತು. ಪ್ರೀತಮ್ ಈಗಲೂ ತೆಗೆಯಲು ತಯಾರಿದ್ದ. ವಿನೋದಿನಿಯವರು ತಯಾರಿರಲಿಲ್ಲ. ಬೇರೆ ಗಾಡಿಗಳ ನಡುವೆ ಒಂದು ಸೈಕಲ್ ನಿಲ್ಲಿಸುವಷ್ಟೂ ಎಡೆಯಿರಲಿಲ್ಲ.

ಕೊರಗಪ್ಪನವರು ಕಂಪೌಂಡಿಗೆ ಒಂದು ಸುತ್ತು ಬಂದು ಮತ್ತೆ ಹೊರಗೆ ಹೋದರು. ಇಂಜಿನ್ ಆರಿಸುವಂತಿರಲಿಲ್ಲ, ಆರಿಸಿದರೆ ಸತ್ತ ಬ್ಯಾಟರಿಯಿಂದ ಮತ್ತೆ ಹತ್ತುವುದಿಲ್ಲ. ರಸ್ತೆಯಲ್ಲಿ ನಿಲ್ಲಿಸುವಂತಿರಲಿಲ್ಲ, ನಿಲ್ಲಿಸಿದರೆ ಟ್ರಾಫಿಕ್‌ನವರು ಎತ್ತಿಕೊಂಡು ಹೋಗುತ್ತಾರೆ. ಸ್ಟೇಷನ್ನಿನವರೆಗೆ ಹೋಗಿ ಬಂದರು, ಮಾರ್ಕೆಟ್ಟಿನ ಕಡೆಯಿಂದ ಒಂದು ಸುತ್ತು, ಮತ್ತೆ ಗೇಟಿನ ಮುಂದೆ. ಮೂರನೇ ಸುತ್ತಿಗೆ ರಾಜೀವಿ ಒಂದು ಡಬ್ಬಿ ಹಿಡಿದು ಗೇಟಿನ ಬಳಿ ನಿಂತಿದ್ದರು. ಗಾಡಿ ನಿಧಾನವಾದಾಗ ಬಾಗಿಲು ತೆಗೆದು ಒಳಗೆ ಕೂತರು.

“ಅರ್ಧ ಊಟದಲ್ಲಿ ಎದ್ದು ಬಂದ್ರಿ,” ಎಂದರು, ಡಬ್ಬಿಯ ಮುಚ್ಚಳ ತೆಗೆಯುತ್ತ.

“ಹತ್ತಿಸುವುದು ಗೊತ್ತಾಯ್ತು ರಾಜೀವಿ. ನಿಲ್ಲಿಸುವುದು ಎಲ್ಲಿ ಅಂತ ಗೊತ್ತಾಗುವುದಿಲ್ಲ.”

ರಾಜೀವಿ ಅನ್ನ ಕಲಸಿ ಒಂದು ತುತ್ತು ಅವರ ಬಾಯಿಗಿಟ್ಟರು. ಕೊರಗಪ್ಪನವರು ಅಗಿಯುತ್ತ ಮತ್ತೆ ಸ್ಟೇಷನ್ನಿನ ಕಡೆಗೆ ತಿರುಗಿಸಿದರು. ಪೆಟ್ರೋಲಿನ ಮುಳ್ಳು ಆಗಲೇ ಕೆಳಗಿನ ಗೆರೆ ಮುಟ್ಟಿತ್ತು.